ಕಾಯ್ದಿರಿಸಿದ ಮೇಲೆ ಹಡಗಿನ ದರ ಇಳಿದರೆ

ಪ್ರವಾಸಿ ಹಡಗಿನ ದರವೂ ವಿಮಾನದ ಟಿಕೆಟ್ಟಿನಂತೆ ಏರಿಳಿಯುತ್ತದೆ. ಕೋಣೆಗಳು ಭರ್ತಿಯಾಗದಿದ್ದರೆ ಕಂಪನಿ ಬೆಲೆ ಇಳಿಸುತ್ತದೆ. ಮೊದಲೇ ಕಾಯ್ದಿರಿಸಿದವರಿಗೂ ಆ ಲಾಭ ಸಿಗಬಹುದು. ಆದರೆ ಅದನ್ನು ಕೇಳಿಯೇ ಪಡೆಯಬೇಕು.

ಇಲ್ಲಿ ಮುಖ್ಯವಾದದ್ದು ಪೂರ್ತಿ ಹಣ ಕಟ್ಟುವ ಕೊನೆಯ ದಿನ. ಅಮೆರಿಕದಲ್ಲಿ ಕಾಯ್ದಿರಿಸುವ ಬಹಳಷ್ಟು ಯಾನಗಳಿಗೆ ಇದು ಹಡಗು ಹೊರಡುವುದಕ್ಕೆ ಸುಮಾರು 75ರಿಂದ 120 ದಿನ ಮೊದಲು ಬರುತ್ತದೆ. ಅಲ್ಲಿಯವರೆಗೆ ಅದೇ ಯಾನದ ಅದೇ ದರ್ಜೆಯ ಕೋಣೆಗೆ ದರ ಇಳಿದರೆ, ಹೊಸ ದರಕ್ಕೆ ಬದಲಿಸಿಕೊಡುವ ಕಂಪನಿಗಳು ಹಲವು. ಮುಂಗಡ ಮರಳಿಸದ ಷರತ್ತಿದ್ದರೆ ಮಾತ್ರ ಬದಲಾವಣೆಗೆ ಶುಲ್ಕ ಬೀಳಬಹುದು.

ದರ ಇಳಿದದ್ದು ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಬುಕಿಂಗ್ ಸಂಖ್ಯೆ ಕೈಯಲ್ಲಿಟ್ಟುಕೊಂಡು ಕರೆ ಮಾಡಬೇಕು. ಏಜೆಂಟರ ಮೂಲಕ ಕಾಯ್ದಿರಿಸಿದ್ದರೆ ಸಾಮಾನ್ಯವಾಗಿ ಅವರ ಮೂಲಕವೇ ಕೇಳಬೇಕಾಗುತ್ತದೆ.

ಒಪ್ಪುವ ಮುನ್ನ ಒಟ್ಟು ಲೆಕ್ಕ ನೋಡುವುದು ಜಾಣತನ. ಸಿಯಾಟಲ್‌ನಿಂದ ಅಲಾಸ್ಕಕ್ಕೆ ಹೋಗುವ ಹಡಗಿನಲ್ಲಿ ಇಬ್ಬರ ಕೋಣೆಯ ದರ 2,400 ಡಾಲರಿನಿಂದ 2,250ಕ್ಕೆ ಇಳಿಯಿತೆನ್ನೋಣ. ಹಡಗಿನಲ್ಲಿ ಖರ್ಚು ಮಾಡಲು ಹಳೆಯ ಕೊಡುಗೆಯಲ್ಲಿ ಸಿಕ್ಕಿದ್ದ 200 ಡಾಲರ್ ಹೊಸದರಲ್ಲಿ ಇಲ್ಲದಿದ್ದರೆ, 150 ಉಳಿಸಲು ಹೋಗಿ 50 ಡಾಲರ್ ಕಳೆದುಕೊಂಡಂತೆ.

ಕೊನೆಯ ದಿನ ದಾಟಿದ ಮೇಲೆ ಹಣ ಮರಳುವುದು ಅಪರೂಪ. ಆಗಲೂ ವಿನಯದಿಂದ ಕೇಳಿದರೆ, ವ್ಯತ್ಯಾಸದ ಮೊತ್ತವನ್ನು ಹಡಗಿನ ಖರ್ಚಿಗೆ ಜಮೆ ಮಾಡುವುದೋ ಮೇಲಿನ ದರ್ಜೆಯ ಕೋಣೆ ಕೊಡುವುದೋ ಉಂಟು. ಆದ್ದರಿಂದ ಪೂರ್ತಿ ಹಣ ಕಟ್ಟುವುದಕ್ಕೆ ಒಂದು ವಾರ ಮೊದಲು ದರವನ್ನು ಮತ್ತೊಮ್ಮೆ ತಪ್ಪದೆ ನೋಡಬೇಕು.