ಬಾಡಿಗೆ ಖೋಲಿಯೂ ನೆರೆಮನೆಯ ಹಕ್ಕೂ



ಕೋಡ್ಲಾ, ಸೇಡಂ, ಚಿಂಚೋಳಿ ಕಡೆಯ ನಮ್ಮ ಮಕ್ಕಳು ಪಿಯುಸಿ ಮುಗಿಸಿ ಹೆಚ್ಚಾಗಿ ಕಲಬುರಗಿಗೆ ಹೋಗುತ್ತಾರೆ. 1958ರಲ್ಲಿ ಆರಂಭವಾದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯ ಅಲ್ಲಿವೆ. ಎಲ್ಲರಿಗೂ ಹಾಸ್ಟೆಲ್ ಸಿಗುವುದಿಲ್ಲ. ನಾಲ್ವರು ಕೂಡಿ ಸಂಸಾರಸ್ಥರ ಓಣಿಯಲ್ಲಿ ಒಂದು ಮನೆ ಹಿಡಿಯುತ್ತಾರೆ. ಶುಲ್ಕಕ್ಕೆ ನೆರವು ಸಿಗುತ್ತದೆ. ಆ ಮನೆಯಲ್ಲಿ ಹೇಗಿರಬೇಕೆಂದು ಯಾರೂ ಕಲಿಸುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಮನೆ ಹಿಡಿದ. ಎರಡು ತಿಂಗಳಲ್ಲಿ ನಾಲ್ವರು ಏಳು ಮಂದಿಯಾದರು. ಬೆಳಗಾಗುವಷ್ಟರಲ್ಲಿ ಟಾಕಿ ಖಾಲಿ, ಓಣಿ ತುಂಬ ಬೈಕುಗಳು, ನಡುರಾತ್ರಿಯವರೆಗೆ ಮೊಬೈಲ್ ಸ್ಪೀಕರ್. ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಅವಳ ತಂದೆ ಎರಡು ಸಲ ಬಂದು ಹೇಳಿದರು. ಮೂರನೆಯ ಸಲ ಮಾಲೀಕರನ್ನೇ ಕರೆತಂದರು. ಪರೀಕ್ಷೆಗೆ ಹತ್ತು ದಿನ ಇರುವಾಗ ಮೂರೇ ದಿನದಲ್ಲಿ ಮನೆ ಬಿಡಬೇಕಾಯಿತು. ಗದ್ದಲ ಮಾಡಿದವನು ನನ್ನ ವಿದ್ಯಾರ್ಥಿಯಲ್ಲ. ಆದರೆ ಬಾಡಿಗೆ ಮಾತಾಡಿದವನು ಅವನೇ. ಎರಡು ವಿಷಯ ಫೇಲಾದವು. ಮರುವರ್ಷ ನಮ್ಮೂರಿನ ಇನ್ನೊಬ್ಬ ಹುಡುಗ ಅದೇ ಓಣಿಗೆ ಹೋದರೆ, ‘ಓದುವ ಹುಡುಗರಿಗೆ ಕೊಡುವುದಿಲ್ಲ’ ಎಂದರು. ಒಂದು ಖೋಲಿ ಕೆಟ್ಟರೆ ಹಿಂದೆ ಬರುವ ಮಕ್ಕಳಿಗೂ ಬಾಗಿಲು ಮುಚ್ಚುತ್ತದೆ.

ಹೀಗಾಗದಂತೆ ಪಾಲಕರು ಮಾಡಬೇಕಾದ ಕೆಲಸಗಳು:

1. ಕರಾರು ಬರೆಸಿರಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಆದ್ದರಿಂದಲೇ 11 ತಿಂಗಳ ರೂಢಿ ಇದೆ. ಎಷ್ಟು ಮಂದಿ ಇರುವರು, ಮುಂಗಡ ಎಷ್ಟು, ಮನೆ ಬಿಡಲು ಎಷ್ಟು ದಿನದ ಸೂಚನೆ ಎಂಬುದು ಅದರಲ್ಲಿರಲಿ. ಬೇರೆ ಮಾತಾಗಿರದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ಸೂಚನೆ ಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ನನ್ನ ವಿದ್ಯಾರ್ಥಿಗೂ ಅವನ ಮನೆಯವರಿಗೂ ಇದು ಗೊತ್ತಿರಲಿಲ್ಲ.

2. ಮೊದಲ ದಿನ ನೀವೂ ಹೋಗಿರಿ. ಎಡಬಲದ ಮನೆಯವರಿಗೆ ಮಗನನ್ನು ಪರಿಚಯಿಸಿ ನಿಮ್ಮ ಫೋನ್ ನಂಬರ್ ಕೊಡಿರಿ. ದೂರು ಮಾಲೀಕರಿಗೆ ಮುಟ್ಟುವ ಮೊದಲು ನಿಮಗೆ ಮುಟ್ಟಲಿ.

3. ರಾತ್ರಿ 10ರ ನಂತರ ಸದ್ದು ಬೇಡ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಇದು ಮೆಲ್ಲಗೆ ಮಾತಾಡುವಷ್ಟೇ ಸದ್ದು.

4. ನೀರು, ಕಸ, ಬೈಕು ನಿಲ್ಲಿಸುವ ಜಾಗ ಇವುಗಳಿಗೆ ವಾರದ ಸರದಿ ಹಚ್ಚಿ ಗೋಡೆಗೆ ಅಂಟಿಸಲಿ. ನಮ್ಮ ಕಡೆಯ ಬೇಸಿಗೆಯಲ್ಲಿ ಜಗಳ ಮೊದಲು ಹುಟ್ಟುವುದೇ ನೀರಿನಿಂದ.

5. ಹಾಸ್ಟೆಲ್ ಸಿಗದ ಅರ್ಹ ವಿದ್ಯಾರ್ಥಿಗಳ ಊಟ-ವಸತಿಗೆ ಸರ್ಕಾರದ ವಿದ್ಯಾಸಿರಿ ಯೋಜನೆ ಇದೆ. ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿರಿ. ಬಾಡಿಗೆ ಹಂಚಿಕೊಳ್ಳಲೆಂದು ಹೆಚ್ಚು ಮಂದಿಯನ್ನು ತುಂಬುವ ಒತ್ತಡ ಅಷ್ಟು ಕಡಿಮೆಯಾಗುತ್ತದೆ.

ನೆರೆಯವರಲ್ಲೂ ಒಂದು ಮಾತು. ತೊಂದರೆಯಾದರೆ ಮೊದಲು ಹುಡುಗರಿಗೆ ಹೇಳಿರಿ, ಆಮೇಲೆ ಪಾಲಕರಿಗೆ, ಕೊನೆಗೆ ಮಾಲೀಕರಿಗೆ. ಬಡಿದಾಟ, ಬೆದರಿಕೆ ಆದರೆ ಮಾತ್ರ 112ಕ್ಕೆ ಕರೆ ಮಾಡಿರಿ. ಒಬ್ಬನ ತಪ್ಪಿಗೆ ಎಲ್ಲ ವಿದ್ಯಾರ್ಥಿಗಳನ್ನೂ ಹೊರಗಿಡಬೇಡಿರಿ.

ಪವಿತ್ರ ಕುರ್‌ಆನಿನ ನಿಸಾ ಅಧ್ಯಾಯದ 36ನೆಯ ವಚನ ತಂದೆತಾಯಿ, ಅನಾಥರು, ಬಡವರ ಜೊತೆಗೇ ಹತ್ತಿರದ ಮತ್ತು ದೂರದ ನೆರೆಯವರನ್ನೂ ಎಣಿಸುತ್ತದೆ. ಅಲ್ಲಿ ನೆರೆಯವನ ಜಾತಿ-ಧರ್ಮದ ಷರತ್ತಿಲ್ಲ. ನಮಾಜ್ ತಪ್ಪಿಸದ ಹುಡುಗ ಪಕ್ಕದ ಮನೆಯವರ ನಿದ್ದೆ ಕೆಡಿಸಿದರೆ ಅವನ ಪಾಠ ಅರ್ಧವಾಯಿತು.

ದಾನಿಗಳಲ್ಲಿ ನನ್ನ ವಿನಂತಿ: ಕಲಬುರಗಿಯಲ್ಲಿ ನೆಲೆಸಿರುವ ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಖೋಲಿಗೆ ಹಿರಿಯರಾಗಿರಿ. ತಿಂಗಳಿಗೊಮ್ಮೆ ಹೋಗಿ ಚಹಾ ಕುಡಿದು ಬನ್ನಿರಿ, ಪಕ್ಕದ ಮನೆಯವರನ್ನೂ ವಿಚಾರಿಸಿರಿ. ಇದಕ್ಕೆ ಹಣ ಬೇಡ, ಒಂದು ಸಂಜೆ ಸಾಕು. ನಿಮ್ಮ ದಾನದಿಂದ ಓದುವ ಮಗು ಪರೀಕ್ಷೆಯ ಹೊತ್ತಿಗೆ ಬೀದಿಗೆ ಬೀಳದಂತೆ ಕಾಯುವುದೂ ದಾನವೇ.