ಹಾಸಿಗೆ ಹಿಡಿದವರ ಮಾನವನ್ನು ಕಾಯುವ ಸೇವೆ

ಪಾಠಭಾಗ: ಆದಿಕಾಂಡ 9:20–23, ಯೋಹಾನ 13:1–17



ಎದ್ದು ಹೋಗಲಾರದ ರೋಗಿಗಳಿಗೆ ಮಲಮೂತ್ರಗಳ ವಿಷಯದಲ್ಲಿ ಹೇಗೆ ಸಹಾಯ ಮಾಡಬೇಕೆಂಬದನ್ನು ಸಭೆಯ ಪತ್ರಿಕೆಯಲ್ಲಿ ಬರೆಯುವದು ನಾಚಿಕೆಯೆಂದು ಕೆಲವರು ಎಣಿಸಬಹುದು. ಆದರೆ ನಾವು ಮಾತಾಡದೆ ಇರುವದರಿಂದ ಆಗುವ ಕೇಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ನನ್ನ ತಪ್ಪೂ ಸೇರಿತ್ತು.

ನಮ್ಮ ಶೆಟ್ಟಿಹಳ್ಳಿಯ ಒಂದು ಮನೆಯಲ್ಲಿ ಲಕ್ವ ಹೊಡೆದು ಮಲಗಿದ್ದ ವೃದ್ಧ ತಾಯಿಗಾಗಿ ಪ್ರಾರ್ಥಿಸಲು ಹೋದೆನು. ಬಾಗಲಲ್ಲಿ ಕರೆಯದೆ ಒಳಗೆ ನಡೆದೆನು. ಆ ಹೊತ್ತಿನಲ್ಲಿ ಸೊಸೆಯು ಆಕೆಯನ್ನು ಶುಚಿಮಾಡುತ್ತಿದ್ದಳು. ಆ ತಾಯಿಯು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ನಾನು ಕೂಡಲೆ ಹೊರಗೆ ಬಂದೆನಾದರೂ ಆದದ್ದು ಆಗಿಹೋಗಿತ್ತು. ಮುಂದಿನ ಭಾನುವಾರ ಸೊಸೆಯು ನನ್ನ ಸಂಗಡ, “ಅಯ್ಯನವರೇ, ನಮ್ಮತ್ತೆ ನೀರನ್ನೇ ಮುಟ್ಟುವದಿಲ್ಲ. ಕುಡಿದರೆ ತಾನೇ ನೀವು ನನ್ನನ್ನು ಎತ್ತಬೇಕು, ಕುಡಿಯದಿದ್ದರೆ ಯಾರೂ ನೋಡುವದಿಲ್ಲ ಅನ್ನುತ್ತಾರೆ” ಎಂದಳು. ಕೆಲವು ದಿನಗಳಲ್ಲಿ ಆಕೆಗೆ ಉರಿಮೂತ್ರವೂ ಜ್ವರವೂ ಬಂದು, ಬುದ್ಧಿ ಮಂಕಾಗಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರ ಕೃಪೆಯಿಂದ ಗುಣವಾಯಿತು. ನಾಚಿಕೆಯು ಒಬ್ಬರ ಪ್ರಾಣಕ್ಕೆ ಎಷ್ಟು ಸಮೀಪಕ್ಕೆ ಬರಬಲ್ಲದೆಂಬದನ್ನು ನಾನು ಅಂದು ಕಲಿತೆನು.

ವೇದಭಾಗವನ್ನು ನೋಡಿರಿ. ನೋಹನು ಬೆತ್ತಲೆಯಾಗಿ ಮಲಗಿದ್ದನು. ಅವನು ರೋಗಿಯಲ್ಲ, ಕುಡಿದು ಮೈಮರೆತವನು. ಆದರೂ ಶೇಮನೂ ಯೆಫೆತನೂ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಹಿಂದುಹಿಂದಕ್ಕೆ ನಡೆದು, ತಂದೆಯನ್ನು ನೋಡದೆ ಮುಚ್ಚಿದರು. ತನ್ನ ತಪ್ಪಿನಿಂದಲೇ ಬಿದ್ದವನಿಗೆ ಇಷ್ಟು ಮರ್ಯಾದೆ ಸಲ್ಲುವದಾದರೆ, ಯಾವ ತಪ್ಪೂ ಇಲ್ಲದೆ ರೋಗದಿಂದ ಬಿದ್ದವರಿಗೆ ಎಷ್ಟು ಹೆಚ್ಚಾಗಿ ಸಲ್ಲಬೇಕು!

ಇನ್ನು ಕೆಲಸದ ಕ್ರಮವನ್ನು ಕೇಳಿರಿ.

1. ಮರೆ. ಬಾಗಲು ಮುಚ್ಚಿರಿ, ಬಾಗಲಿಲ್ಲದಿದ್ದರೆ ಹಳೆಯ ಸೀರೆಯನ್ನು ಅಡ್ಡ ಕಟ್ಟಿರಿ. ಮಕ್ಕಳನ್ನೂ ನೆಂಟರನ್ನೂ ಹೊರಗೆ ಕಳುಹಿಸಿರಿ. ಮಾಡಲಿರುವದನ್ನು ರೋಗಿಗೆ ಮೊದಲೇ ಹೇಳಿ ಒಪ್ಪಿಗೆ ಕೇಳಿರಿ. ಮಾತು ನಿಂತವರಿಗೂ ಹೇಳಿರಿ, ಯಾಕಂದರೆ ಅವರಿಗೆ ಕಿವಿ ಕೇಳುತ್ತಿರಬಹುದು. ಮೈಮೇಲೆ ದುಪ್ಪಟಿಯನ್ನು ಹೊದಿಸಿ, ಬೇಕಾದಷ್ಟು ಮಾತ್ರ ಸರಿಸಿರಿ.

2. ಸಿದ್ಧತೆ. ಕೈಗಳನ್ನು ಸಾಬೂನಿನಿಂದ ತೊಳೆದು, ಸಿಕ್ಕಿದರೆ ರಬ್ಬರ್ ಕೈಚೀಲ ಹಾಕಿಕೊಳ್ಳಿರಿ. ಹಾಸಿಗೆಯ ಮೇಲೆ ರಬ್ಬರ್ ಹಾಳೆಯನ್ನೂ ಅದರ ಮೇಲೆ ಮೆತ್ತನೆಯ ಬಟ್ಟೆಯನ್ನೂ ಹಾಸಿರಿ. ಬೆಡ್‌ಪ್ಯಾನು ತಣ್ಣಗಿದ್ದರೆ ಬೆಚ್ಚನೆಯ ನೀರಿನಲ್ಲಿ ತೊಳೆದು ಒರಸಿರಿ. ಅಂಚು ಒಡೆದ ಪಾತ್ರೆಯು ಚರ್ಮವನ್ನು ಸೀಳುವದು, ಅದನ್ನು ಬಿಸಾಡಿರಿ.

3. ಪಾತ್ರೆ ಇಡುವದು. ಮೊಣಕಾಲು ಮಡಿಸಿ ಪಾದ ಊರಬಲ್ಲವರು ತಾವೇ ಸೊಂಟ ಎತ್ತಲಿ. ನೀವು ಒಂದು ಕೈಯನ್ನು ಆಸರೆಯಾಗಿ ಕೊಟ್ಟು ಪಾತ್ರೆಯನ್ನು ಸರಿಸಿರಿ. ಎತ್ತಲಾರದವರನ್ನು ನಿಮ್ಮ ಕಡೆಗೆ ಮಗ್ಗುಲಾಗಿ ಹೊರಳಿಸಿ, ಪಾತ್ರೆಯನ್ನು ಪಿರ್ರೆಗೆ ಒತ್ತಿ ಹಿಡಿದು, ಮೆಲ್ಲಗೆ ಅದರ ಮೇಲೆ ತಿರುಗಿಸಿರಿ. ಇಬ್ಬರಿದ್ದರೆ ಒಳ್ಳೇದು. ಪಾತ್ರೆಯನ್ನು ಉಜ್ಜಿ ಎಳೆಯಬೇಡಿರಿ. ತಲೆಯ ಕಡೆಗೆ ದಿಂಬು ಇಟ್ಟು ಏರಿಸಿದರೆ ಮಲವಿಸರ್ಜನೆಗೆ ಅನುಕೂಲ. ಸೊಂಟ ಇಲ್ಲವೆ ಬೆನ್ನೆಲುಬು ಮುರಿದವರನ್ನು ಮಾತ್ರ ವೈದ್ಯರು ತೋರಿಸಿಕೊಟ್ಟ ಹೊರತು ಹೊರಳಿಸಬಾರದು, ಏರಿಸಬಾರದು. ಪಾತ್ರೆಯ ಮೇಲೆ ಹೆಚ್ಚು ಹೊತ್ತು ಬಿಡಬೇಡಿರಿ. ಕರೆಯಲು ಒಂದು ಗಂಟೆಯನ್ನು ಕೈಗೆ ಕೊಟ್ಟು, ಕರೆದ ಕೂಡಲೆ ಬನ್ನಿರಿ.

4. ಶುಚಿಮಾಡುವದು. ಮುಂದಿನಿಂದ ಹಿಂದಕ್ಕೆ ಒರಸಿರಿ. ಸ್ತ್ರೀಯರಲ್ಲಿ ಇದು ಬಹು ಮುಖ್ಯ, ಹಿಂದಿನಿಂದ ಮುಂದಕ್ಕೆ ಒರಸಿದರೆ ಮಲದ ಕ್ರಿಮಿಗಳು ಮೂತ್ರದ್ವಾರವನ್ನು ಸೇರುವವು. ಬೆಚ್ಚನೆಯ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒಣಗಿಸಿರಿ. ಪಾತ್ರೆಯನ್ನು ಮುಚ್ಚಿ ಒಯ್ದು, ಕಕ್ಕಸಿನಲ್ಲಿ ಚೆಲ್ಲಿ, ಕೂಡಲೆ ತೊಳೆಯಿರಿ. ಫ್ಲಾರೆನ್ಸ್ ನೈಟಿಂಗೇಲ್ ದೊರೆಸಾನಿಯು 1859ರಲ್ಲಿ ದಾದಿಯರ ಕೆಲಸವನ್ನು ಕುರಿತು ಬರೆದ ಪುಸ್ತಕದಲ್ಲಿಯೂ ಮುಚ್ಚಳವಿಲ್ಲದ ಪಾತ್ರೆ ಕೂಡದೆಂದು ಕಟ್ಟುನಿಟ್ಟಾಗಿ ಹೇಳಿದಳು. ಕಡೆಗೆ ರೋಗಿಯ ಕೈಗಳನ್ನೂ ನಿಮ್ಮ ಕೈಗಳನ್ನೂ ತೊಳೆಯಿರಿ.

5. ಚರ್ಮವನ್ನು ನೋಡುವದು. ಪ್ರತಿ ಸಾರಿಯೂ ಸೊಂಟದ ಹಿಂಭಾಗವನ್ನೂ ಹಿಮ್ಮಡಿಯನ್ನೂ ನೋಡಿರಿ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪಾಗಲಿ, ಕಪ್ಪು ಮೈಯಲ್ಲಿ ಹೆಚ್ಚು ಕಪ್ಪಾದ ಬಿಸಿಯಾದ ಜಾಗವಾಗಲಿ ಕಂಡರೆ ಅದು ಹಾಸಿಗೆಹುಣ್ಣಿನ ಆರಂಭ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿರಿ. ಒದ್ದೆಯಲ್ಲಿ ಮಲಗಿಸಬೇಡಿರಿ.

6. ಕೂರಬಲ್ಲವರು. ನಡುವೆ ತೂತುಳ್ಳ ಕುರ್ಚಿಯ ಕೆಳಗೆ ಬಕೀಟು ಇಟ್ಟರೆ ಸಾಕು. ಕುರ್ಚಿಯು ಅಲುಗಾಡಬಾರದು. ಲಕ್ವದವರಿಗೆ ಅದನ್ನು ಬಲವುಳ್ಳ ಪಕ್ಕದಲ್ಲಿ ಇಡಿರಿ. ಸೋತ ಕೈಯನ್ನು ಹಿಡಿದಾಗಲಿ ಕಂಕುಳಿಗೆ ಕೈಹಾಕಿಯಾಗಲಿ ಎಳೆಯಬೇಡಿರಿ, ತೋಳಿನ ಕೀಲು ಜಾರುವದು.

7. ನೀರು. ವೈದ್ಯರು ಕಡಿಮೆಮಾಡಲು ಹೇಳದಿದ್ದರೆ ದಿನವೆಲ್ಲಾ ಸ್ವಲ್ಪಸ್ವಲ್ಪವಾಗಿ ನೀರನ್ನೂ ಮಜ್ಜಿಗೆಯನ್ನೂ ಕೊಡಿರಿ. ಮೂರು ದಿನ ಮಲವಾಗದಿದ್ದರೆ, ಮೂತ್ರ ನಿಂತರೆ, ರಕ್ತ ಬಿದ್ದರೆ, ಮಲ ಕರೀ ಟಾರಿನಂತಿದ್ದರೆ, ಜ್ವರವೂ ಬುದ್ಧಿಭ್ರಮಣೆಯೂ ಕಂಡರೆ ಆಶಾ ಕಾರ್ಯಕರ್ತೆಗೆ ಇಲ್ಲವೆ ವೈದ್ಯರಿಗೆ ತಿಳಿಸಿರಿ. ಅಪಾಯವಿದ್ದರೆ 108ಕ್ಕೆ ಕರೆಮಾಡಿರಿ.

ಈ ಕೆಲಸವನ್ನು ಮಾಡಬೇಕಾದವರು ಯಾರು? ನಮ್ಮ ದೇಶದಲ್ಲಿ ಮಲವನ್ನು ಎತ್ತುವ ಕೆಲಸವನ್ನು ಬಹು ಕಾಲದಿಂದ ಕೆಲವು ಜಾತಿಗಳ ತಲೆಯ ಮೇಲೆ ಹೊರಿಸಿದರು. ಮನುಷ್ಯರ ಕೈಯಿಂದ ಮಲ ಬಾಚಿಸುವದನ್ನು 2013ರ ಕಾನೂನು ನಿಷೇಧಿಸಿತು. ಕಾನೂನು ಬಂದರೂ ‘ಇದು ಅವರ ಕೆಲಸ’ವೆಂಬ ಮಾತು ನಮ್ಮ ನಾಲಿಗೆಯಿಂದ ಹೋಗಲಿಲ್ಲ, ಮನೆಯೊಳಗೆ ಅದು ‘ಸೊಸೆಯ ಕೆಲಸ’ವಾಗಿ ನಿಂತಿದೆ. ಆದರೆ ನಮ್ಮ ಕರ್ತನು ಸೇವಕರ ಕೆಲಸವಾಗಿದ್ದ ಕಾಲು ತೊಳೆಯುವದನ್ನು ತಾನೇ ಮಾಡಿ, ಶಿಷ್ಯರೂ ಹಾಗೆಯೇ ಮಾಡಬೇಕೆಂದು ಕಲಿಸಿದನು. ಗಂಡುಮಕ್ಕಳೇ, ತಂದೆಯ ಬೆಡ್‌ಪ್ಯಾನನ್ನು ನೀವೇ ಒಯ್ಯಿರಿ. ತಾಯಿಯನ್ನು ಹೆಂಗಸರು ನೋಡಿಕೊಳ್ಳುವಾಗ ನೀರು ಕಾಯಿಸಿ ಕೊಡಿರಿ, ಬಟ್ಟೆ ಒಗೆಯಿರಿ, ರಾತ್ರಿ ಸರದಿಯಲ್ಲಿ ಎಚ್ಚರವಾಗಿರಿ. ಮೂಗು ಮುಚ್ಚಿಕೊಂಡು ಗೊಣಗುವದರಿಂದ ಸೇವೆಯೆಲ್ಲಾ ಕಹಿಯಾಗುವದು. ಕೈ ಶುಚಿಮಾಡಿದ್ದನ್ನು ನಾಲಿಗೆಯು ಹೊಲಸುಮಾಡದಿರಲಿ.

ಆ ಮನೆಯಲ್ಲಿ ಈಗ ಮಂಚದ ಸುತ್ತಲೂ ಸೀರೆಯ ಪರದೆ ಇದೆ. ನಾನು ಬೀದಿಯಲ್ಲಿಯೇ ನಿಂತು ಕರೆಯುತ್ತೇನೆ, ಒಳಗಿಂದ ಅಪ್ಪಣೆ ಬರುವ ತನಕ ಕಾಯುತ್ತೇನೆ. ಹೋದ ತಿಂಗಳು ಆ ತಾಯಿಯೇ ನನ್ನನ್ನು ಕೂರಿಸಿ, ಪ್ರಾರ್ಥನೆಗೆ ಮುಂಚೆ ಸೊಸೆಯನ್ನು ಕರೆದು ನೀರು ತರಿಸಿಕೊಂಡು ಕುಡಿದಳು.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು:

1. ಶೇಮನೂ ಯೆಫೆತನೂ ಹಿಂದುಹಿಂದಕ್ಕೆ ನಡೆದದ್ದು ಯಾಕೆ?
2. ನಮ್ಮ ಸಭೆಯಲ್ಲಿ ಹಾಸಿಗೆ ಹಿಡಿದವರು ಯಾರು? ಅವರನ್ನು ನೋಡಿಕೊಳ್ಳುವವರು ಒಂದು ರಾತ್ರಿಯಾದರೂ ನಿದ್ದೆಮಾಡುವಂತೆ ನಾವು ಏನು ಮಾಡಬಹುದು?
3. ಈ ಕೆಲಸವನ್ನು ನಮ್ಮ ಮನೆಯಲ್ಲಿ ಒಬ್ಬರ ಮೇಲೆಯೇ ಹೊರಿಸಿದ್ದೇವೋ?