ಶುಗರ್ ತಾನಾಗಿ ಇಳಿದರೆ ಕಿಡ್ನಿ ನೋಡಿಸಿ

ಹತ್ತು ಹದಿನೈದು ವರ್ಷದಿಂದ ಇನ್ಸುಲಿನ್, ಮಾತ್ರೆಯಲ್ಲಿರುವ ಅಜ್ಜ ಒಂದು ದಿನ ‘ಈಗ ಶುಗರ್ ಕಮ್ಮಿ ಇತ್ತ್’ ಎಂದರೆ ಮನೆಯವರು ಖುಷಿಪಡುವುದು ಸಹಜ. ಆದರೆ ದೇಹದಿಂದ ಇನ್ಸುಲಿನ್ ಹೊರಹಾಕುವುದರಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತಾಗ ಅದೇ ಡೋಸ್ ಹೆಚ್ಚಾಗಿಬಿಡುತ್ತದೆ.

ಮೊದಲ ಕೆಲಸ ಪರೀಕ್ಷೆ. ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ರಕ್ತದ ಕ್ರಿಯಾಟಿನಿನ್ ಎರಡನ್ನೂ ವರ್ಷಕ್ಕೊಮ್ಮೆ ಕೇಳಿ ಮಾಡಿಸಿ. ಅನುಪಾತ 30 ದಾಟಿ, ಅಥವಾ ಕಿಡ್ನಿ ಸೋಸುವ ವೇಗ ಹೇಳುವ ಇಜಿಎಫ್‌ಆರ್ 60ಕ್ಕಿಂತ ಇಳಿದು ಮೂರು ತಿಂಗಳು ಹಾಗೇ ಉಳಿದರೆ ಕಿಡ್ನಿಗೆ ಪೆಟ್ಟಾಗಿದೆ ಎಂದೇ ಲೆಕ್ಕ. ಆಗಲೂ ನೋವಿರುವುದಿಲ್ಲ, ಮೂತ್ರ ಸರಿಯಾಗಿಯೇ ಹೋಗುತ್ತದೆ. ಬೈಂದೂರಿನಿಂದ ಕುಂದಾಪುರಕ್ಕೋ ಬ್ರಹ್ಮಾವರದಿಂದ ಮಣಿಪಾಲಕ್ಕೋ ಆಸ್ಪತ್ರೆಗೆಂದು ಹೊರಡುವಾಗ ಹಳೆಯ ವರದಿಗಳನ್ನೆಲ್ಲ ಒಯ್ಯಿರಿ.

ಮನೆಯಲ್ಲಿ ಬೆಳಿಗ್ಗೆ ತೂಕ, ಬಿಪಿ ಬರೆದಿಡಿ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ಡಾಕ್ಟರಿಗೆ ತಿಳಿಸಿ. ಶುಗರ್ 70ಕ್ಕಿಂತ ಇಳಿದು ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಊಟದಲ್ಲಿ ನಮ್ಮೂರಿನ ತೊಂದರೆ ಗಂಜಿಯದ್ದಲ್ಲ, ಅದರ ಜೊತೆಯವರದ್ದು: ಮಿಡಿ ಉಪ್ಪಿನಕಾಯಿ, ಹಪ್ಪಳ, ಸುಟ್ಟ ಒಣಮೀನು. ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಂ, ಅಂದರೆ ಒಂದು ಚಮಚ. ‘ಲೋ ಸೋಡಿಯಂ’ ಉಪ್ಪು ತರಬೇಡಿ. ಅದರಲ್ಲಿರುವ ಪೊಟ್ಯಾಸಿಯಂ ಅನ್ನು ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದು. ಎಳನೀರಿನಲ್ಲೂ ಅದು ಹೇರಳ. ರಕ್ತದ ಪೊಟ್ಯಾಸಿಯಂ ನೋಡಿಸಿ, ಡಾಕ್ಟರನ್ನು ಕೇಳಿಯೇ ಕುಡಿಸಿ.

ಹಿತ್ತಲಿನ ಬಿಂಬುಳಿ, ದಾರೆಹುಳಿಯ ರಸ ಮಾತ್ರ ಬೇಡವೇ ಬೇಡ. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಅದರ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟುತ್ತದೆ. ಹಿತ್ತಲಲ್ಲಿ ಬೆಳೆದದ್ದು ಕೆಡುಕು ಮಾಡಲಾರದು ಎಂಬ ನಂಬಿಕೆ ನಮ್ಮಲ್ಲಿ ಸ್ವಲ್ಪ ಹೆಚ್ಚೇ.

ನಾಟಿ ಸಮಯದ ಸೊಂಟನೋವಿಗೆ ಮೆಡಿಕಲ್‌ನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತರುವುದೂ ಅಷ್ಟೇ ಅಪಾಯ. ವಾಂತಿ, ಭೇದಿ ಹಿಡಿದರೆ ಕೆಲವು ಬಿಪಿ, ಶುಗರ್ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ನೀವೇ ತೀರ್ಮಾನಿಸದೆ ಅಂದೇ ಡಾಕ್ಟರನ್ನು ಕೇಳಿ.

ಗಾಯವಾಗಿದೆಯೇ ಎಂದು ರಾತ್ರಿ ಪಾದ ನೋಡಿ, ಬರಿಗಾಲಲ್ಲಿ ಗದ್ದೆಗಿಳಿಸಬೇಡಿ.

ಕಾಯಿಲೆ ಮುಂದುವರಿದವರಲ್ಲಿ ಹೆಚ್ಚು ಬಳಸದ ಕೈಯ ರಕ್ತನಾಳ ಕಾಯಬೇಕು. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡುವುದು ಸಾಮಾನ್ಯವಾಗಿ ಅಲ್ಲೇ. ರಕ್ತ ತೆಗೆಯಲು, ಡ್ರಿಪ್ ಹಾಕಲು ಬಂದವರಿಗೆ ಇನ್ನೊಂದು ಕೈ ಕೊಡಿ. 2016ರಲ್ಲಿ ಕೇಂದ್ರ ಘೋಷಿಸಿದ ಯೋಜನೆಯಡಿ ಬಡ ಕುಟುಂಬದವರಿಗೆ ಡಯಾಲಿಸಿಸ್ ಉಚಿತ. ರೇಷನ್ ಕಾರ್ಡ್, ಆಧಾರ್ ಪ್ರತಿಯನ್ನೂ ಹಳೆಯ ವರದಿಗಳ ಜೊತೆಗೇ ಇಟ್ಟುಕೊಳ್ಳಿ.